ನಮ್ಮ ಮನೆಯ ಗಣಕಯಂತ್ರದ ಪುನರ್ಜನ್ಮ

(ಅಂತಿಮ ಬಿ. ಎ. ತರಗತಿಯ ಒಬ್ಬ ವಿದ್ಯಾರ್ಥಿನಿ)

ಕಳೆದುಕೊಂಡ ವಸ್ತುವಿನ ಬೆಲೆ ಅದು ಕಳೆದ ಮೇಲೆಯೇ ತಿಳಿಯುತ್ತದೆ ಎಂದು ಹಿರಿಯರು ಹೇಳುತ್ತಾರೆ. ನನ್ನ ಪಾಡು ಅದಕ್ಕಿಂತ ಕಡೆ. ಕಳೆದುಕೊಂಡಿದ್ದೇನೆ ಎಂಬ ಸಂಗತಿಯೇ ಎರಡು ವರ್ಷ ನನಗೆ ತಿಳಿದಿರಲಿಲ್ಲ. ತಿಳಿದ ದಿನ ಆ ವಸ್ತು ಎಲ್ಲಿತ್ತು ಎಂಬುದನ್ನು ಹೇಳಿದರೆ ಓದುಗರು ನಗುತ್ತಾರೆ. ನಗಲಿ, ಈಗ ನಾನೂ ನಗುತ್ತೇನೆ. ಆದರೆ ಆ ದಿನ ನನಗೆ ಬಂದದ್ದು ನಗುವಲ್ಲ, ಸಿಟ್ಟು. ಆ ಸಿಟ್ಟನ್ನು ಯಾರ ಮೇಲೆ ತೋರಿಸಬಾರದಾಗಿತ್ತೋ ಅವರ ಮೇಲೆಯೇ ತೋರಿಸಿದೆ. ಈ ಪ್ರಬಂಧವನ್ನು ಬರೆಯುತ್ತಿರುವುದು ಅರ್ಧ ಗಣಕಯಂತ್ರದ ವಿಷಯ ಹೇಳಲಿಕ್ಕೆ. ಇನ್ನರ್ಧ ಆ ಸಿಟ್ಟನ್ನು ಒಪ್ಪಿಕೊಳ್ಳಲಿಕ್ಕೆ.

ನಮ್ಮದು ಹಿರಿಯೂರು ಸೀಮೆಯ ಒಂದು ಸಣ್ಣ ಹಳ್ಳಿ. ನಾಲ್ಕು ಎಕರೆ ಖುಷ್ಕಿ ಜಮೀನು. ಮಳೆ ಬಂದ ವರ್ಷ ಶೇಂಗಾ, ರಾಗಿ, ಸೂರ್ಯಕಾಂತಿ. ಬಾರದ ವರ್ಷ ಬರೀ ಆಕಾಶ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ತಂದೆಯವರಿಗೆ ಅಕ್ಷರ ಬಾರದು. ತಾಯಿ ತಮ್ಮ ಹೆಸರನ್ನು ಬರೆಯಬಲ್ಲರು. ಸಂಘದ ಪುಸ್ತಕಕ್ಕೆ ಸಹಿ ಹಾಕುವ ದಿನ ಅವರ ಮುಖದಲ್ಲಿ ಒಂದು ಗಾಂಭೀರ್ಯವೇ ಬರುತ್ತದೆ. ಹೀಗಿರುವ ಮನೆಗೆ ನಾನು ಬಿ. ಎ. ಸೇರಿದ ವರ್ಷ ಒಂದು ಲ್ಯಾಪ್‌ಟಾಪ್ ಬಂದಿತು. ಬೆಂಗಳೂರಿನಲ್ಲಿ ಕಾರು ಓಡಿಸುವ ನನ್ನ ಸೋದರಮಾವನಿಗೆ ಅವರ ಯಜಮಾನರು ಹೊಸದನ್ನು ಕೊಂಡಾಗ ಹಳೆಯದನ್ನು ಕೊಟ್ಟಿದ್ದರಂತೆ. ಮಾವ ಅದನ್ನು ಬಟ್ಟೆಯ ಚೀಲದಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆಯೇ ಇಟ್ಟುಕೊಂಡು ತಂದರು.

ಯಂತ್ರಕ್ಕೆ ವಯಸ್ಸಾಗಿತ್ತು. ಅದರ ಬ್ಯಾಟರಿ ಎಂದೋ ಪ್ರಾಣ ಬಿಟ್ಟಿತ್ತು. ಆದುದರಿಂದ ಗೂಟಕ್ಕೆ ಕಟ್ಟಿದ ಕರುವಿನಂತೆ ಅದು ಯಾವಾಗಲೂ ಗೋಡೆಯ ಪ್ಲಗ್ಗಿನ ಬಳಿಯೇ ಇರಬೇಕು. ಅದರೊಳಗೆ ಇದ್ದುದು 2009ರಲ್ಲಿ ಹೊರಬಂದ ವಿಂಡೋಸ್ 7. ಜೊತೆಯಲ್ಲಿ ಒಂದು ಕಾಗದದ ಲಕೋಟೆ. ಅದರೊಳಗೆ ಎರಡು ಹೊಳೆಯುವ ತಟ್ಟೆಗಳು. ನಾವು ಸಿ.ಡಿ. ಎಂದೇ ಕರೆದರೂ ಅವು ನಿಜವಾಗಿ ಡಿ.ವಿ.ಡಿ.ಗಳು. "ಇವನ್ನ ಜೋಪಾನವಾಗಿ ಇಟ್ಕೊಳವ್ವ, ಮುಂದೆ ಬೇಕಾಗ್ತವಂತೆ" ಎಂದು ಮಾವ ಹೇಳಿದರು. ನಾನು ಲಕೋಟೆಯನ್ನು ಗೋಡೆಯ ಗೂಡಿನಲ್ಲಿ, ದೇವರ ಪಟದ ಹಿಂದೆ ಇಟ್ಟೆ. ಅವು ಏನು, ಏತಕ್ಕೆ ಬೇಕು ಎಂದು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದರೆ ಇವರಿಗೇನು ತಿಳಿದೀತು ಎಂಬುದು ನನ್ನ ಭಾವನೆಯಾಗಿತ್ತು. ಈ ವಾಕ್ಯವನ್ನು ಓದುಗರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕಾಗಿ ಬೇಡುತ್ತೇನೆ.

ಆಪರೇಟಿಂಗ್ ಸಿಸ್ಟಂ ಎಂದರೇನು ಎಂಬುದನ್ನು ನನ್ನಂತಹ ಕಲಾವಿಭಾಗದವರಿಗಾಗಿ ಎರಡು ಮಾತಿನಲ್ಲಿ ಹೇಳುತ್ತೇನೆ. ವಿಜ್ಞಾನದ ಮಿತ್ರರು ಕ್ಷಮಿಸಬೇಕು. ಹಿಂದೆ ಊರಿಗೆ ಶಾನುಭೋಗರಿದ್ದರು. ಯಾರ ಹೊಲ ಎಲ್ಲಿಂದ ಎಲ್ಲಿಯವರೆಗೆ, ಯಾವುದು ಗೋಮಾಳ, ಯಾವುದು ಖರಾಬು ಎಂಬುದೆಲ್ಲ ಅವರ ಕಡತದಲ್ಲಿ ಇರುತ್ತಿತ್ತು. ಗಣಕಯಂತ್ರದೊಳಗೆ ಈ ಶಾನುಭೋಗಿಕೆಯನ್ನು ಮಾಡುವುದು ಆಪರೇಟಿಂಗ್ ಸಿಸ್ಟಂ. ನಾವು ಬರೆದ ಬರೆಹ, ಹಾಕಿದ ಚಿತ್ರ ಎಲ್ಲವೂ ಹಾರ್ಡ್ ಡಿಸ್ಕ್ ಎಂಬ ಭೂಮಿಯಲ್ಲಿ ಬಿದ್ದಿರುತ್ತವೆ. ಯಾವುದು ಎಲ್ಲಿದೆ ಎಂದು ಹುಡುಕಿ ತೋರಿಸುವುದು, ಕೀಲಿಮಣೆಯ ಮಾತನ್ನು ಪರದೆಗೆ ಮುಟ್ಟಿಸುವುದು ಇದರ ಕೆಲಸ. ಶಾನುಭೋಗರು ಊರು ಬಿಟ್ಟು ಹೋದರೆ ಹೊಲಗಳು ಎಲ್ಲಿಗೂ ಹೋಗುವುದಿಲ್ಲ. ಆದರೆ ಕೇಳಿದರೆ ಉತ್ತರ ಹೇಳುವವರು ಇರುವುದಿಲ್ಲ. ಈ ವ್ಯತ್ಯಾಸ ನನಗೆ ಮೊದಲೇ ತಿಳಿದಿದ್ದರೆ ನಾಲ್ಕು ರಾತ್ರಿಯ ನಿದ್ರೆ ಉಳಿಯುತ್ತಿತ್ತು.

ಅಂತಿಮ ವರ್ಷದ ಕಿರುಸಂಶೋಧನೆಗೆ ನಾನು ಆರಿಸಿಕೊಂಡ ವಿಷಯ 'ನಮ್ಮೂರಿನ ಹೊಲಗಳ ಹೆಸರುಗಳು'. ಪಹಣಿಯಲ್ಲಿ ಹೊಲಕ್ಕೆ ಸರ್ವೆ ನಂಬರು ಮಾತ್ರ ಉಂಟು. ಹೆಸರು ಇರುವುದು ಜನರ ಬಾಯಲ್ಲಿ. ಕಪಿಲೆ ಬಾವಿ ಹೊಲ, ಬೂದಿಗುಡ್ಡೆ, ಗುಂಡುಕಲ್ಲು ಮೂಲೆ, ಹುಲ್ಲೇಗುಂಡಿ, ಜೋಡಿಬೇವಿನ ಪಟ್ಟಿ ಹೀಗೆ. ಕಪಿಲೆ ಹೊಡೆಯುವುದು ನಿಂತು ಎಷ್ಟೋ ಕಾಲವಾಯಿತು, ಬಾವಿಯೂ ಮುಚ್ಚಿದೆ, ಆದರೂ ಆ ಹೊಲ ಇಂದಿಗೂ ಕಪಿಲೆ ಬಾವಿ ಹೊಲವೇ. ಜೋಡಿಬೇವಿನಲ್ಲಿ ಈಗ ಒಂದೇ ಬೇವಿದೆ. ದಸರೆಯ ರಜೆಯಲ್ಲಿ ನಾನು ತಂದೆಯವರ ಹಿಂದೆ ಬದುಬದುವನ್ನೂ ಸುತ್ತಿದೆ. ಅವರು ಕೋಲಿನಿಂದ ತೋರಿಸುತ್ತ ಹೆಸರು ಹೇಳುವುದು, ನಾನು ಚೀಟಿಯಲ್ಲಿ ಗುರುತು ಹಾಕಿಕೊಳ್ಳುವುದು. ಅವರಿಗೆ ತಿಳಿಯದ ಕಡೆ ಇತರ ಹಿರಿಯರನ್ನು ಕೇಳುವುದು. ಒಟ್ಟು 112 ಹೆಸರುಗಳಾದವು. ಹೆಸರಿನ ಕಾರಣ, ಹೇಳಿದವರ ವಯಸ್ಸು, ಬೆಳೆಯುವ ಬೆಳೆ ಎಲ್ಲವನ್ನೂ ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದೆ. ಮಾಡಿದ ಮೇಲೆ ಚೀಟಿಗಳನ್ನು ಏನು ಮಾಡಿದೆ? ಯಂತ್ರದಲ್ಲಿ ಇದೆಯಲ್ಲ ಎಂಬ ಧೈರ್ಯದಿಂದ ನೀರೊಲೆಗೆ ಹಾಕಿದೆ.

ಮಾಘಮಾಸದ ಒಂದು ರಾತ್ರಿ ಮುನ್ನುಡಿಯನ್ನು ಬರೆದು ಉಳಿಸುವ ಗುಂಡಿಯನ್ನು ಒತ್ತಿದೆ. ಅದೇ ಗಳಿಗೆಯಲ್ಲಿ ಕರೆಂಟು ಹೋಯಿತು. ಬ್ಯಾಟರಿಯಿಲ್ಲದ ಯಂತ್ರ ದೀಪ ಊದಿದಂತೆ ಆರಿತು. ಮರಳಿ ಕರೆಂಟು ಬಂದಾಗ ಒತ್ತಿದರೆ, ಕಪ್ಪು ಪರದೆಯ ಮೇಲೆ ಬಿಳಿಯ ಅಕ್ಷರದಲ್ಲಿ ಒಂದೇ ಸಾಲು: ಆಪರೇಟಿಂಗ್ ಸಿಸ್ಟಂ ಸಿಗಲಿಲ್ಲ. ಆರಿಸಿ ಹಚ್ಚಿದೆ. ಅದೇ ಸಾಲು. ಬೆಳಗಿನವರೆಗೂ ಅದೇ ಸಾಲು. ಹಸ್ತಪ್ರತಿಯನ್ನು ಒಪ್ಪಿಸಲು ಉಳಿದಿದ್ದುದು ಹದಿನೆಂಟು ದಿನ.

ಆಗ ಮಾವನ ಮಾತು ನೆನಪಾಗಿ ಗೂಡಿಗೆ ಕೈ ಹಾಕಿದೆ. ದೇವರ ಪಟದ ಹಿಂದೆ ಲಕೋಟೆ ಇದೆ. ಲಕೋಟೆಯೊಳಗೆ ಏನೂ ಇಲ್ಲ. ತಾಯಿಯನ್ನು ಕೇಳಿದೆ. "ಆ ಥಳಥಳ ಅನ್ನೋ ಬಿಲ್ಲೆಗಳಾ? ಹೋದ್ ವರ್ಷದ ಹಿಂದಿನ ವರ್ಷ ಸೂರ್ಯಕಾಂತಿಗೆ ಗಿಣಿ ಬಿದ್ದಿದ್ವಲ್ಲ, ಆವಾಗ ನಿಮ್ಮಪ್ಪ ಹೊಲಕ್ಕೆ ತಗಂಡು ಹೋದ್ರು" ಎಂದರು.

ಓಡಿದೆ. ಹೊಲದ ನಡುವಿನ ಗಳುವಿನ ಮೇಲೆ ಒಂದು ತಟ್ಟೆ ಸಣಬಿನ ದಾರದಲ್ಲಿ ಇನ್ನೂ ತೂಗಾಡುತ್ತಿತ್ತು. ಇನ್ನೊಂದು ಯಾವ ಗಾಳಿಗೆ ಸಿಕ್ಕಿತ್ತೋ ದೇವರೇ ಬಲ್ಲ. ನಡುವಿನ ರಂಧ್ರದಲ್ಲಿ ದಾರ ಪೋಣಿಸಿ ಎಷ್ಟು ಅಚ್ಚುಕಟ್ಟಾಗಿ ಕಟ್ಟಿದ್ದರು! ತಂದೆಯವರು ಬದುವಿನ ಮೇಲೆ ಕಳೆ ಕೀಳುತ್ತಿದ್ದರು. ಅಲ್ಲಿಯೇ ನಿಂತು ನಾನು ಆಡಬಾರದ ಮಾತುಗಳನ್ನಾಡಿದೆ. "ಓದು ಬರಹ ಬರದೇ ಇದ್ರೆ ಮುಟ್ಟಬಾರದಪ್ಪ! ಗಿಣಿ ಓಡಿಸೋಕೆ ನನ್ನ ಪರೀಕ್ಷೇನೇ ಬೇಕಾಗಿತ್ತಾ ನಿಂಗೆ?" ಎಂದೆ. ಅವರು ಎದ್ದು ನಿಂತು ಕೈಯ ಮಣ್ಣನ್ನು ಒರೆಸಿಕೊಂಡರು. ಏನೂ ಹೇಳಲಿಲ್ಲ. ಗಳುವಿನಿಂದ ತಟ್ಟೆಯನ್ನು ಬಿಚ್ಚಿ, ಪಂಚೆಯ ಚುಂಗಿನಿಂದ ಒರೆಸಿ, ನನ್ನ ಕೈಗೆ ಕೊಟ್ಟರು.

ಆ ತಟ್ಟೆ ಏತಕ್ಕೆ ಮಿಂಚುತ್ತದೆ ಎಂಬುದನ್ನು ನಾನು ಆಮೇಲೆ ಓದಿ ತಿಳಿದುಕೊಂಡೆ. ಡಿ.ವಿ.ಡಿ.ಯ ಮೇಲೆ ಬರೆಹವು ಸುರುಳಿಯಾಕಾರದ ಒಂದೇ ಗೆರೆಯಲ್ಲಿ ಸುತ್ತುತ್ತ ಹೋಗುತ್ತದೆ. ಒಂದು ಸುತ್ತಿಗೂ ಪಕ್ಕದ ಸುತ್ತಿಗೂ ನಡುವಣ ಅಂತರ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ, 0.74 ಮೈಕ್ರೋಮೀಟರು. ಇಷ್ಟು ಒತ್ತಾದ ಗೆರೆಗಳ ಮೇಲೆ ಬಿಸಿಲು ಬಿದ್ದಾಗ ಬೆಳಕು ಒಡೆದು ಕಾಮನಬಿಲ್ಲಾಗುತ್ತದೆ. ಅಂದರೆ ನಮ್ಮ ಹೊಲದ ಗಿಣಿಗಳನ್ನು ಎರಡು ವರ್ಷ ಬೆದರಿಸಿದ್ದು ಆ ಬರೆಹವೇ! ಆದರೆ ಬರೆಹವನ್ನು ಓದಬೇಕಾದ ಯಂತ್ರಕ್ಕೆ ಅದು ದಕ್ಕಲಿಲ್ಲ. ಸೋಪು ಹಚ್ಚಿ ತೊಳೆದು, ಒಣಗಿಸಿ, ಒಳಗಿಟ್ಟೆ. ಎರಡು ಮುಂಗಾರಿನ ಗಾಳಿ, ಧೂಳು, ಮುಳ್ಳುಗಳು ಅದರ ಮೈಮೇಲೆ ಗೀರುಗಳ ಜಾತ್ರೆಯನ್ನೇ ನೆರೆಸಿದ್ದವು. ಯಂತ್ರ ಗುರ್ ಎಂದಿತು, ತಿರುಗಿಸಿತು, ನಿಟ್ಟುಸಿರು ಬಿಟ್ಟಿತು, ಸುಮ್ಮನಾಯಿತು.

ಮರುದಿನ ಪಟ್ಟಣದ ಒಂದು ದುರಸ್ತಿ ಅಂಗಡಿಗೆ ಯಂತ್ರವನ್ನು ಹೊತ್ತುಕೊಂಡು ಹೋದೆ. ಕೆಲವು ಯಂತ್ರಗಳಲ್ಲಿ ಹಾರ್ಡ್ ಡಿಸ್ಕಿನ ಒಂದು ಮೂಲೆಯಲ್ಲಿ ಆಪರೇಟಿಂಗ್ ಸಿಸ್ಟಮಿನ ಪ್ರತಿಯೊಂದನ್ನು ಬಚ್ಚಿಟ್ಟಿರುತ್ತಾರಂತೆ; ತಟ್ಟೆ ಕಳೆದವರಿಗೆ ಅದೇ ಗತಿ. ಅಂಗಡಿಯವರು ನೋಡಿ, ಇದರ ಹಾರ್ಡ್ ಡಿಸ್ಕನ್ನು ಹಿಂದೆ ಯಾರೋ ಬದಲಾಯಿಸಿದ್ದಾರೆ, ಆ ಮೂಲೆ ಇಲ್ಲ ಎಂದರು. "ಏನೂ ಚಿಂತೆ ಬೇಡ ತಂಗಿ, ನನ್ನತ್ರ ಕಾಪಿ ಇದೆ. ನಾನೂರು ರೂಪಾಯಿ ಕೊಡು, ಫಾರ್ಮ್ಯಾಟ್ ಹೊಡೆದು ಸಂಜೆ ಒಳಗೆ ಹಾಕ್ಕೊಡ್ತೀನಿ."

"ನನ್ನ ಫೈಲು?"

"ಎಲ್ಲಿ ಇಟ್ಟಿದ್ದೆ?"

"ಡೆಸ್ಕ್‌ಟಾಪಿನ ಮೇಲೆ."

"ಹಂಗಾದ್ರೆ ಹೋಗುತ್ತೆ. ಎಲ್ಲ ಒರೆಸಿಯೇ ಹಾಕೋದು."

ನಾನೂರು ರೂಪಾಯಿ ನನ್ನ ಚೀಲದಲ್ಲಿತ್ತು. ಒರೆಸಿಯೇ ಹಾಕುವುದು ಎಂಬ ಮಾತು ಕೇಳಿ ಕೈ ಹಿಂದೆ ಬಂದಿತು. ಯಂತ್ರವನ್ನು ಮತ್ತೆ ಚೀಲಕ್ಕೆ ಸೇರಿಸಿ ಮನೆಗೆ ಬಂದೆ.

ಆ ರಾತ್ರಿ ಊಟಕ್ಕೆ ಕುಳಿತಾಗ ತಂದೆಯವರು ಮೆಲ್ಲಗೆ ಕೇಳಿದರು: "ಅಲ್ಲವ್ವ, ಆ ಬಿಲ್ಲೇಲಿ ಏನಿತ್ತು? ನೀ ಬರೆದಿದ್ದೆಲ್ಲ ಅದರಾಗಿತ್ತಾ?"

ಎರಡು ವರ್ಷದಲ್ಲಿ ಮೊದಲ ಸಲ ನಾನು ಅವರಿಗೆ ವಿವರಿಸಿದೆ. ಅದರಲ್ಲಿ ನಾನು ಬರೆದದ್ದು ಇರಲಿಲ್ಲ. ಯಂತ್ರ ಕೆಟ್ಟು ನಿಂತರೆ ಅದನ್ನು ಮತ್ತೆ ಹೊಸದಾಗಿ ಎಬ್ಬಿಸುವ ಮೂಲ ಇತ್ತು. ಅದನ್ನು ಬಳಸುವುದು ಎಂದೋ ಒಂದು ದಿನ, ಉಳಿದ ದಿನವೆಲ್ಲ ಸುಮ್ಮನೆ ಕಾಪಾಡಬೇಕು ಎಂದೆ. ಅವರು ಮುದ್ದೆಯನ್ನು ಮುರಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

"ಹಂಗಾರೆ ಅದು ಬಿತ್ತನೆ ಬೀಜ ಅನ್ನು! ಮೊದಲೇ ಹೇಳಿದ್ರೆ ನಾನು ಕಟ್ತಿದ್ನಾ? ಬಿತ್ತನೆ ಬೀಜಾನ ಯಾರಾದ್ರೂ ಹಕ್ಕಿಗೆ ತೋರಿಸ್ತಾರಾ?"

ನನಗೆ ತುತ್ತು ಇಳಿಯಲಿಲ್ಲ. ನಮ್ಮ ಮನೆಯಲ್ಲಿ ಎಂತಹ ಬರದಲ್ಲಿಯೂ ಬಿತ್ತನೆ ಬೀಜದ ಮಡಕೆಗೆ ಕೈ ಹಾಕಿದವರಿಲ್ಲ. ಬೂದಿ ಬೆರೆಸಿ, ಬೇವಿನ ಸೊಪ್ಪು ಹಾಕಿ, ಬಾಯಿಗೆ ಸಗಣಿ ಮೆತ್ತಿ ಇಡುತ್ತಾರೆ. ಅಷ್ಟೇ ಅಲ್ಲ, ಒಂದು ಪಾಲನ್ನು ಅತ್ತೆಯ ಮನೆಯಲ್ಲಿಯೂ ಇಡುತ್ತಾರೆ. ನಮ್ಮದಕ್ಕೆ ಹುಳು ಬಿದ್ದರೆ ಅಲ್ಲಿಯದು. ಅಲ್ಲಿಯದಕ್ಕೆ ಬೆಂಕಿ ಬಿದ್ದರೆ ನಮ್ಮದು. ಇಷ್ಟು ಬಲ್ಲವರಿಗೆ, ಇವರಿಗೇನು ತಿಳಿದೀತು ಎಂದು ನಾನು ಎರಡು ಮಾತು ಹೇಳದೆ ಹೋದೆ. ಓದು ಬರಹ ಬಂದಿದ್ದ ನಾನೋ, ಬರೆದ ಒಂದೇ ಪ್ರತಿಯನ್ನು ಒಂದೇ ಕಡೆ ಇಟ್ಟು ಚೀಟಿಗಳನ್ನು ಒಲೆಗೆ ಹಾಕಿದ್ದೆ. ಹಾಗಾದರೆ ತಪ್ಪು ಯಾರದು?

ಕೈ ತೊಳೆದು ಬಂದು ಅವರು ಗೋಡೆಗೆ ಒರಗಿ ಕುಳಿತರು. "ನೋಟ್ ಬುಕ್ ತಗಾ. ಯಂತ್ರ ಹೋದ್ರೆ ಹೋಗ್ಲಿ. ಹೊಲ ಏನು ಹೋಗಿಲ್ವಲ್ಲ, ನಾನೂ ಹೋಗಿಲ್ಲ. ಮೂಡಲ ದಿಕ್ಕಿಂದ ಹೇಳ್ತಾ ಬರ್ತೀನಿ, ಬರಕೋ" ಎಂದರು. ಕಣ್ಣು ಮುಚ್ಚಿ, ಮನಸ್ಸಿನಲ್ಲಿಯೇ ಬದುವಿನಿಂದ ಬದುವಿಗೆ ದಾಟುತ್ತ, ಎರಡು ರಾತ್ರಿಗಳಲ್ಲಿ 96 ಹೆಸರುಗಳನ್ನು ಹೇಳಿದರು. ಒಂದೊಂದು ಕಡೆ ನಿಂತು, "ಇಲ್ಲಿ ಒಂದು ಐತೆ, ತಡಿ, ದಾಟೋದು ಬ್ಯಾಡ" ಎಂದು ಯೋಚಿಸುತ್ತಿದ್ದರು, ನಿಜವಾಗಿಯೂ ಹೊಲದಲ್ಲಿ ನಿಂತವರಂತೆ.

ಆದರೂ 112 ಆಗಲಿಲ್ಲ. ಉಳಿದವುಗಳಲ್ಲಿ ಕೆಲವನ್ನು ಹೇಳಿದ್ದ ಹಟ್ಟಿಯ ಅಜ್ಜ ಸಂಕ್ರಾಂತಿಯ ಹಿಂದೆ ತೀರಿಕೊಂಡಿದ್ದರು. ಅವರ ಹೆಸರುಗಳಿಗೆ ಆ ಕೆಟ್ಟ ಯಂತ್ರವೇ ಗತಿ. ಇದನ್ನು ನಮ್ಮ ಕಾಲೇಜಿನಲ್ಲಿ ಗಣಕ ವಿಷಯವನ್ನು ಬೋಧಿಸುವ ಅತಿಥಿ ಉಪನ್ಯಾಸಕರೊಬ್ಬರ ಬಳಿ ಹೇಳಿಕೊಂಡೆ. ಅವರು ನಗಲಿಲ್ಲ; ಯಂತ್ರವನ್ನು ತಿರುಗಿಸಿ ಅದರ ಹೊಟ್ಟೆಯನ್ನು ನೋಡಿದರು. ಅಲ್ಲೊಂದು ಚೀಟಿ ಅಂಟಿತ್ತು. ನಾನು ಎಂದೂ ಗಮನಿಸಿರಲಿಲ್ಲ. ಐದೈದರಂತೆ ಐದು ಗುಂಪು, ಒಟ್ಟು 25 ಅಕ್ಷರಗಳು. "ತಟ್ಟೆ ಬರಿಯ ಪಾತ್ರೆ. ವಿಂಡೋಸನ್ನು ಬಳಸುವ ಹಕ್ಕು ಇರುವುದು ಈ ಚೀಟಿಯಲ್ಲಿ" ಎಂದರು. ಆ ಕಾಲದ ಕೀಲಿಗಳಲ್ಲಿ ಇಂಗ್ಲಿಷಿನ ಸ್ವರಗಳಾಗಲಿ, ಸೊನ್ನೆ, ಒಂದು, ಐದು ಎಂಬ ಅಂಕಿಗಳಾಗಲಿ ಇರುವುದಿಲ್ಲವಂತೆ. ಬಳಸುವ ಚಿಹ್ನೆಗಳು 24 ಮಾತ್ರ. ನನ್ನ ದುರದೃಷ್ಟಕ್ಕೆ ಚಾಪೆಗೆ ಉಜ್ಜಿ ಉಜ್ಜಿ ನಾಲ್ಕು ಅಕ್ಷರಗಳು ಪೂರ್ತಿ ಅಳಿಸಿದ್ದವು. 24ನ್ನು ನಾಲ್ಕು ಸಲ ಗುಣಿಸಿದರೆ 3,31,776. ಅಷ್ಟು ಸಲ ಹಾಕಿ ನೋಡುವ ಆಯುಷ್ಯ ಯಾರಿಗುಂಟು? ಅಲ್ಲದೆ ವಿಂಡೋಸ್ 7ಕ್ಕೆ ಅದನ್ನು ಮಾಡಿದವರು ಕೊಡುತ್ತಿದ್ದ ಸಾಮಾನ್ಯ ರಕ್ಷಣೆ 2020ರ ಜನವರಿ 14ಕ್ಕೆ ಮುಗಿದಿದೆ. ಮರಳಿ ಹಾಕಿದರೂ ಅದು ಬಾಗಿಲಿಲ್ಲದ ಮನೆಯಂತೆ ಎಂದು ಅವರು ತಿಳಿಸಿದರು.

"ಮೊದಲು ಹೊಲ ನೋಡೋಣ, ಶಾನುಭೋಗರ ಮಾತು ಆಮೇಲೆ" ಎಂದರು. (ನನ್ನ ಹೋಲಿಕೆ ಅವರಿಗೆ ಹಿಡಿಸಿತ್ತು.) ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮಿನ ಒಂದು ಬಗೆಯಾದ ಲಿನಕ್ಸ್ ಮಿಂಟನ್ನು ಅವರು ಅಂತರ್ಜಾಲದಿಂದ ಇಳಿಸಿಕೊಂಡರು. ಅದು ಸುಮಾರು ಮೂರು ಗಿಗಾಬೈಟು. 700 ಮೆಗಾಬೈಟಿನ ಸಿ.ಡಿ.ಗೆ ಹಿಡಿಸುವಂತಹದಲ್ಲ. ಎಂಟು ಗಿಗಾಬೈಟಿನ ಪೆನ್ ಡ್ರೈವಿಗೆ ಅದನ್ನು ಹಾಕುವ ಮೊದಲು ಒಂದು ಕೆಲಸ ಮಾಡಿದರು. ಇಳಿಸಿಕೊಂಡದ್ದನ್ನು ಲೆಕ್ಕ ಹಾಕಿ 64 ಅಂಕಿ-ಅಕ್ಷರಗಳ ಒಂದು ಸಾಲನ್ನು ಪಡೆದು, ತಯಾರಿಸಿದವರು ಪ್ರಕಟಿಸಿದ ಸಾಲಿನೊಡನೆ ಹೋಲಿಸಿದರು. ಒಳಗೆ ಒಂದು ಚುಕ್ಕೆ ಬದಲಾಗಿದ್ದರೂ ಈ ಸಾಲು ಪೂರ್ತಿ ಬೇರೆಯಾಗುತ್ತದಂತೆ. ಪ್ರತಿಯಾದರೂ ಮೂಲಕ್ಕೆ ಸಮನೆಂದು ನಂಬಲು ಇದು ಆಧಾರ. ಅಂಗಡಿಯವರ ಪ್ರತಿಗೆ ಇಂತಹ ಸಾಕ್ಷಿಯೇನಿತ್ತು?

ಪೆನ್ ಡ್ರೈವನ್ನು ಸಿಕ್ಕಿಸಿ, ಯಂತ್ರವನ್ನು ಹಚ್ಚುತ್ತಲೇ ಎಫ್ 12 ಗುಂಡಿಯನ್ನು ಒತ್ತಿ, ಹಾರ್ಡ್ ಡಿಸ್ಕಿನ ಬದಲು ಪೆನ್ ಡ್ರೈವಿನಿಂದ ಏಳುವಂತೆ ಹೇಳಿದರು. ಆಶ್ಚರ್ಯವೆಂದರೆ, ಒಳಗೆ ಏನನ್ನೂ ಸ್ಥಾಪಿಸದೆಯೇ ಯಂತ್ರ ಎದ್ದು ಕುಳಿತಿತು! ಪೆನ್ ಡ್ರೈವಿನಿಂದ ತನಗೆ ಬೇಕಾದದ್ದನ್ನು ನೆನಪಿಗೆ ತಂದುಕೊಂಡು ಓಡುವ ಈ ವ್ಯವಸ್ಥೆ ಹಾರ್ಡ್ ಡಿಸ್ಕನ್ನು ನಾವು ಹೇಳಿದ ಹೊರತು ಮುಟ್ಟುವುದಿಲ್ಲ. ಪರಊರಿನ ಶಾನುಭೋಗರು ಬಂದು ಜಗುಲಿಯ ಮೇಲೆ ಕುಳಿತು ನಮ್ಮೂರಿನ ಲೆಕ್ಕ ನೋಡಿದಂತೆ ಎನ್ನಬಹುದು. ಉಪನ್ಯಾಸಕರು ಹಾರ್ಡ್ ಡಿಸ್ಕನ್ನು ಓದಲು ಮಾತ್ರ ತೆರೆದರು; ಅದರ ಮೇಲೆ ಏನನ್ನೂ ಬರೆಯುವುದು ಬೇಡವೆಂದರು. ಯೂಸರ್ಸ್, ಅದರೊಳಗೆ ಅಡ್ಮಿನ್, ಅದರೊಳಗೆ ಡೆಸ್ಕ್‌ಟಾಪ್. ಅಲ್ಲಿ, ಏನೂ ಆಗದವರಂತೆ, ನನ್ನ ಕಡತಗಳೆಲ್ಲ ಕುಳಿತಿದ್ದವು. ಶಾನುಭೋಗರು ಹೋಗಿದ್ದರು, ಹೊಲ ಹೋಗಿರಲಿಲ್ಲ. ಮುನ್ನುಡಿಯೊಂದು ಮಾತ್ರ ಹಾಳಾಗಿತ್ತು. ಅದನ್ನು ಮತ್ತೆ ಬರೆಯಬಲ್ಲೆ.

ಎಲ್ಲವನ್ನೂ ಎರಡು ಕಡೆ ಪ್ರತಿ ಮಾಡಿದ ಮೇಲೆಯೇ ಅವರು ಒರೆಸುವ ಕೆಲಸಕ್ಕೆ ಕೈ ಹಾಕಿದರು. ಪರದೆಯ ಮೇಲಿದ್ದ ಸ್ಥಾಪಿಸುವ ಚಿತ್ರವನ್ನು ನನ್ನ ಕೈಯಿಂದಲೇ ಒತ್ತಿಸಿದರು. ಎರಡು ಗಿಗಾಬೈಟಿನ ನೆನಪಿನ ನನ್ನ ಮುದಿ ಯಂತ್ರಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಪ್ರಯೋಗಾಲಯದಲ್ಲಿ ಯು.ಪಿ.ಎಸ್. ಇದ್ದುದರಿಂದ ಕರೆಂಟಿನ ಭಯವಿರಲಿಲ್ಲ. ಕಾಯುವ ಹೊತ್ತಿನಲ್ಲಿ ಅವರು ಲಿನಕ್ಸಿನ ಕಥೆಯನ್ನು ಹೇಳಿದರು. 1991ರ ಆಗಸ್ಟ್ 25ರಂದು ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್, ತಾನೊಂದು ಆಪರೇಟಿಂಗ್ ಸಿಸ್ಟಂ ಬರೆಯುತ್ತಿರುವುದಾಗಿ ಇತರರಿಗೆ ತಿಳಿಸಿದ. ಆಗ ಅವನಿಗೆ 21 ವರ್ಷ, ನಮ್ಮ ವಾರಿಗೆಯವನೇ. ಯಾರು ಬೇಕಾದರೂ ಪ್ರತಿ ಮಾಡಬಹುದು, ತಿದ್ದಬಹುದು, ಹಂಚಬಹುದು ಎಂಬ ನಿಯಮದಿಂದ ಅದು ಲೋಕವೆಲ್ಲ ಹಬ್ಬಿತು. ಇದೇ ಬಳಗದ ಉಬುಂಟುವಿನವರು 2011ರವರೆಗೆ ಕೇಳಿದವರಿಗೆ ತಟ್ಟೆಯನ್ನು ಅಂಚೆಯಲ್ಲಿ ಉಚಿತವಾಗಿ ಕಳುಹಿಸುತ್ತಿದ್ದರು. ಇಂತಹ ವ್ಯವಸ್ಥೆಯಲ್ಲಿ ಮೂಲ ತಟ್ಟೆ ಕಳೆಯಿತು ಎಂಬ ಮಾತಿಗೆ ಅರ್ಥವೇ ಇಲ್ಲ. ಎಲ್ಲರ ಮನೆಯ ಮಡಕೆಯಲ್ಲಿಯೂ ಅದೇ ಬೀಜ.

ಇಲ್ಲಿಗೆ ಕಥೆ ಮುಗಿಯಿತೆಂದು ನಾನೂ ತಿಳಿದೆ. ಹೊಸ ಯಂತ್ರದಲ್ಲಿ ಕಡತವನ್ನು ತೆರೆದರೆ ಕನ್ನಡವೇ ಇಲ್ಲ! ಇಂಗ್ಲಿಷ್ ಅಕ್ಷರಗಳು, ಕೊಂಬು ಬಾಲದ ಚಿಹ್ನೆಗಳು ಸಂತೆ ಕೆಟ್ಟಂತೆ ಚೆಲ್ಲಾಡಿದ್ದವು. ಕಾರಣ ಹೀಗೆ: ನಾನು ಬಳಸಿದ ನುಡಿಯ ಹಳೆಯ ಅಕ್ಷರರೂಪದಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕುಳ್ಳಿರಿಸಿದ್ದರು. ಆ ಅಕ್ಷರರೂಪ ಇರುವವರೆಗೆ ಕನ್ನಡ. ಅದಿಲ್ಲದ ಕಡೆ ವೇಷ ಕಳಚಿ ಬೀಳುತ್ತದೆ. 1991ರಲ್ಲಿಯೇ ಯೂನಿಕೋಡ್ ಎಂಬ ಜಾಗತಿಕ ಏರ್ಪಾಟಿನಲ್ಲಿ ಕನ್ನಡಕ್ಕೆ ತನ್ನದೇ ಆದ 128 ಆಸನಗಳು ದೊರೆತಿವೆ. ಅಲ್ಲಿ ಕುಳಿತ ಕನ್ನಡ ಯಾವ ಯಂತ್ರಕ್ಕೆ ಹೋದರೂ ಕನ್ನಡವೇ. ಒಂದರಿಂದ ಇನ್ನೊಂದಕ್ಕೆ ಪರಿವರ್ತಿಸುವ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ, ಹಾಗೆ ಪರಿವರ್ತಿಸಿದೆ. ಸಂತೋಷದ ಸಂಗತಿ ಇನ್ನೊಂದು. ಕೆ. ಪಿ. ರಾವ್ ಅವರು ರೂಪಿಸಿದ, ನುಡಿಯಲ್ಲಿ ನನ್ನ ಬೆರಳುಗಳಿಗೆ ಅಭ್ಯಾಸವಾಗಿದ್ದ ಕೀಲಿಮಣೆಯ ವಿನ್ಯಾಸವೇ ಲಿನಕ್ಸಿನಲ್ಲಿಯೂ 'ಕಗಪ' ಎಂಬ ಹೆಸರಿನಿಂದ ಇತ್ತು. ಉಗ್ರಾಣದಿಂದ ಕನ್ನಡದ ಎರಡು ಅಕ್ಷರರೂಪಗಳನ್ನು ತಂದು ಹಾಕಿಕೊಂಡೆವು. ಅವುಗಳ ಹೆಸರು ಗುಬ್ಬಿ, ನವಿಲು. ಹಕ್ಕಿಗಳನ್ನು ಓಡಿಸಲು ಹೋಗಿ ಕಳೆದುಕೊಂಡದ್ದನ್ನು ಹಕ್ಕಿಗಳೇ ಮರಳಿ ತಂದವೆಂದು ನಾನು ಹೇಳಿದಾಗ ಉಪನ್ಯಾಸಕರು ಮೊದಲ ಸಲ ಗಟ್ಟಿಯಾಗಿ ನಕ್ಕರು.

ಪರಿವರ್ತನೆಯಲ್ಲಿ ಅರ್ಕಾವತ್ತುಗಳೂ ಒತ್ತಕ್ಷರಗಳೂ ಅಲ್ಲಲ್ಲಿ ಸ್ಥಾನ ತಪ್ಪಿದ್ದವು. ತಿದ್ದಲು ಒಬ್ಬರು ಬೇಕು. ಮನೆಯಲ್ಲಿ ಸಂಜೆ ನಾನು ಒಂದೊಂದೇ ಹೆಸರನ್ನು ಪರದೆಯಿಂದ ಓದಿದೆ. ತಂದೆಯವರು ಪಕ್ಕದಲ್ಲಿ ಕುಳಿತು ಸರಿ, ಸರಿ ಎಂದರು. ತಪ್ಪಿದ ಕಡೆ, "ಅಲ್ಲ, ನಾಲಿಗೆ ಹಂಗೆ ಹೊರಳಲ್ಲ" ಎಂದರು. ಅಕ್ಷರ ಬಾರದವರು ನನ್ನ ಅಕ್ಷರಗಳನ್ನು ತಿದ್ದಿದರು. ಎರಡು ಪಟ್ಟಿಗಳನ್ನು ಕೂಡಿಸಿ ನೋಡಿದಾಗ ಎರಡರಲ್ಲಿಯೂ ಇದ್ದವು 88. ಯಂತ್ರದಲ್ಲಿ ಮಾತ್ರ ಉಳಿದಿದ್ದವು 24. ಹಟ್ಟಿಯ ಅಜ್ಜನವು ಇವುಗಳಲ್ಲಿಯೇ ಇದ್ದವು. ತಂದೆಯವರು ಆ ಎರಡು ರಾತ್ರಿಗಳಲ್ಲಿ ಹೊಸದಾಗಿ ನೆನೆದು ಹೇಳಿದವು 8. ಒಟ್ಟು 120. ಯಂತ್ರ ಕೆಡದಿದ್ದರೆ ಆ ಎಂಟು ನನಗೆ ಸಿಗುತ್ತಿರಲಿಲ್ಲ. ಯಂತ್ರ ಏಳದಿದ್ದರೆ ಆ ಇಪ್ಪತ್ತನಾಲ್ಕು ಯಾರಿಗೂ ಸಿಗುತ್ತಿರಲಿಲ್ಲ.

ಹಸ್ತಪ್ರತಿಯನ್ನು ಗಡುವಿನ ಹಿಂದಿನ ದಿನ ಒಪ್ಪಿಸಿದೆ. ಈಗ ಅದರ ಒಂದು ಪ್ರತಿ ಯಂತ್ರದಲ್ಲಿದೆ, ಒಂದು ಕಾಲೇಜಿನಲ್ಲಿದೆ, ಒಂದು ಪೆನ್ ಡ್ರೈವಿನಲ್ಲಿ ಅತ್ತೆಯ ಮನೆಯ ಪೆಟ್ಟಿಗೆಯಲ್ಲಿದೆ. ಇದು ತಂದೆಯವರ ಅಪ್ಪಣೆ. ಕಾಗದದ ಮೇಲೆ ಮುದ್ರಿಸಿದ ಇನ್ನೊಂದನ್ನು ಅವರೇ ಕೇಳಿ ಪಡೆದು, ಮಡಿಸಿ, ಪಹಣಿಯ ಜೊತೆಯಲ್ಲಿ ಟ್ರಂಕಿನಲ್ಲಿ ಇಟ್ಟುಕೊಂಡಿದ್ದಾರೆ. ಯಂತ್ರವನ್ನು ಮತ್ತೆ ಎಬ್ಬಿಸುವ ಪೆನ್ ಡ್ರೈವು ಗೂಡಿನಲ್ಲಿ ದೇವರ ಪಟದ ಹಿಂದೆ, ಅದೇ ಹಳೆಯ ಲಕೋಟೆಯಲ್ಲಿದೆ. ಅದು ಏನೆಂದು ಈಗ ಮನೆಯವರಿಗೆಲ್ಲ ಗೊತ್ತು.

ಆ ದಿನ ಹೊಲದಲ್ಲಿ ಆಡಿದ ಮಾತಿಗೆ ನಾನು ಬಾಯಿಬಿಟ್ಟು ಕ್ಷಮೆ ಕೇಳಿಲ್ಲ. ನಮ್ಮ ಮನೆಗಳಲ್ಲಿ ಹಾಗೆ ಕೇಳುವ ರೂಢಿಯೂ ಇಲ್ಲ. ಈ ಸಂಚಿಕೆ ಅಚ್ಚಾಗಿ ಬಂದ ಮೇಲೆ ಈ ಪುಟಗಳನ್ನು ಅವರಿಗೆ ಓದಿ ಹೇಳಬೇಕೆಂದಿದ್ದೇನೆ.

ಮೊನ್ನೆ ಸಂಜೆ ತಂದೆಯವರು ಹೊಲದಿಂದ ಬಂದವರೇ ಟವೆಲಿನ ಗಂಟಿನಿಂದ ಒಂದು ಹೊಳೆಯುವ ತಟ್ಟೆಯನ್ನು ತೆಗೆದರು. ಪಕ್ಕದ ಮನೆಯವರು ತಿಪ್ಪೆಗೆ ಎಸೆದದ್ದಂತೆ; ಮುಂದಿನ ಸೂರ್ಯಕಾಂತಿಗೆ ಬೇಕಾದೀತೆಂದು ಎತ್ತಿ ತಂದಿದ್ದರು. ಆದರೆ ನೇರವಾಗಿ ಗಳುವಿಗೆ ಕಟ್ಟಲು ಹೋಗಲಿಲ್ಲ. ನನ್ನ ಮುಂದೆ ಹಿಡಿದು ಕೇಳಿದರು:

"ನೋಡವ್ವ, ಇದು ಬೀಜವೋ, ಜೊಳ್ಳೋ?"

ಹಿಂದೆ ಮುಂದೆ ತಿರುಗಿಸಿ ನೋಡಿದೆ. ಯಾವುದೋ ಸಿನಿಮಾ ಹಾಡುಗಳ ತಟ್ಟೆ. ಅಂಚು ಸೀಳಿತ್ತು, ಮೈಯೆಲ್ಲ ಗೀರು. ಅದರಲ್ಲಿ ಏನಿತ್ತು, ಏತಕ್ಕೆ ಇನ್ನು ಓಡುವುದಿಲ್ಲ ಎಂಬುದನ್ನು ಪೂರ್ತಿ ಬಿಡಿಸಿ ಹೇಳಿದೆ. ಅವರು ಕೊನೆಯವರೆಗೂ ಕೇಳಿದರು.

"ಜೊಳ್ಳು ಅಪ್ಪಾ, ಕಟ್ಟು" ಎಂದೆ.